ಮಾತೇ ಆಡದ ಪ್ರಥಮ ಮಹಿಳೆಗೆ ಸಿಬ್ಬಂದಿ ಯಾಕೆ?

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಹೆಂಡತಿ ಬೆಸ್ ಬಗ್ಗೆ ಓದುತ್ತಿದ್ದೇನೆ. 1945ರಿಂದ 1953ರವರೆಗೆ ಶ್ವೇತಭವನದಲ್ಲಿದ್ದರೂ ಪತ್ರಕರ್ತರ ಕಣ್ಣಿಗೆ ಬೀಳಲು ಇಷ್ಟವಿರಲಿಲ್ಲವಂತೆ. ಹಾಗಾದರೆ ಕಾರ್ಯದರ್ಶಿಗಳು ಏನು ಮಾಡುತ್ತಿದ್ದರು?

ಉತ್ತರ 1: ಅವರೇ ಗೋಡೆ! ಹಿಂದಿನ ಪ್ರಥಮ ಮಹಿಳೆ ಎಲೀನರ್ ರೂಸ್‌ವೆಲ್ಟ್ 1933ರಿಂದ ನಡೆಸುತ್ತಿದ್ದ ಪತ್ರಿಕಾಗೋಷ್ಠಿಗಳನ್ನು ಬೆಸ್ ನಿಲ್ಲಿಸಿಬಿಟ್ಟರು. ಬದಲಿಗೆ ಕಾರ್ಯದರ್ಶಿಗಳಾದ ರೀಥೆಲ್ ಓಡಮ್, ಈಡಿತ್ ಹೆಲ್ಮ್ ಇಬ್ಬರೂ ಪತ್ರಕರ್ತೆಯರ ಮುಂದೆ ಕೂರುತ್ತಿದ್ದರು. ಪ್ರಶ್ನೆಗಳನ್ನು ಬರೆದು ಕೊಡಬೇಕು. ಉತ್ತರ ಬಹಳ ಸಲ ‘ಹೇಳುವುದೇನೂ ಇಲ್ಲ’. ಪಾಪ, ಓಡಮ್!

ಉತ್ತರ 2: ನಗಬೇಡಿ. ನಾನು ಒಬ್ಬ ಶಾಸಕರ ಮನೆಯವರಿಗೆ ಎರಡು ವರ್ಷ ಕಾಗದ ಪತ್ರ ನೋಡಿಕೊಂಡವಳು. ಅಮ್ಮ ಹೊರಗೇ ಬರುತ್ತಿರಲಿಲ್ಲ. ಆದರೆ ಮದುವೆ ಕರೆಯೋಲೆ, ವರ್ಗಾವಣೆ ಅರ್ಜಿ, ಆಸ್ಪತ್ರೆ ಬಿಲ್ಲು ಎಲ್ಲ ಅವರ ಹೆಸರಿಗೇ. ಫೋನಿನಲ್ಲಿ ‘ಅಮ್ಮ ಪೂಜೆಯಲ್ಲಿದ್ದಾರೆ’ ಅಂತ ಎಷ್ಟು ಸಲ ಸುಳ್ಳು ಹೇಳಿದ್ದೇನೋ. ಅವರು ಒಳಗೆ ಸುಮ್ನೆ ಅವರೆಕಾಯಿ ಸುಲಿಯುತ್ತಿದ್ದರು.

ಪ್ರಶ್ನೆ ಕೇಳಿದವರು: ಅಂದರೆ ಯಜಮಾನಿ ಸುಮ್ಮನಿದ್ದಷ್ಟೂ ನಿಮಗೆ ಕೆಲಸ ಜಾಸ್ತಿ, ಅಲ್ವಾ?

ಉತ್ತರ 2: ಹೌದು. ಸಂಬಳ ಮಾತ್ರ ಅಷ್ಟೇ.