ಲಾಕ್‌ಡೌನ್ ನಷ್ಟ, ಉಳಿದ ಜೀವ: ಎರಡನ್ನೂ ತೂಗೋದು ಹೇಗೆ?

ಸೇಡಂ ರಸ್ತೆ:
ಅರ್ಥಶಾಸ್ತ್ರ ಎಂ.ಎ. ಪ್ರಬಂಧಕ್ಕಾಗಿ ಕೇಳ್ತಿದ್ದೇನೆ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿ ಜಿಲ್ಲೆಯದು, 2020ರ ಮಾರ್ಚ್ 10. ಮಾರ್ಚ್ 25ರಿಂದ ದೇಶವೇ ಬಂದ್. ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಸುಮಾರು 24% ಕುಸಿಯಿತು. ಈ ನಷ್ಟವನ್ನು ಉಳಿದ ಜೀವಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕಾ?

ಅಂಕಿಸಂಖ್ಯೆ:
ಸಾಲದು. ಆ 24% ಪೂರ್ತಿ ಲಾಕ್‌ಡೌನ್ ಖಾತೆಗೆ ಹೋಗಲ್ಲ. ಬಂದ್ ಇಲ್ಲದಿದ್ದರೂ ಜನ ಹೆದರಿ ಅಂಗಡಿಗೆ ಹೋಗ್ತಿರಲಿಲ್ಲ. 2020ರ ವಸಂತದಲ್ಲಿ ಬಾಗಿಲು ಹಾಕಿದ ಡೆನ್ಮಾರ್ಕ್‌ನಲ್ಲಿ ಜನರ ಖರ್ಚು 29% ಇಳಿದರೆ, ಬಹುಪಾಲು ತೆರೆದೇ ಇದ್ದ ಸ್ವೀಡನ್‌ನಲ್ಲೂ 25% ಇಳಿಯಿತು. ಆದರೆ ಇದನ್ನು ಹಾಗೇ ಇಲ್ಲಿಗೆ ಅಂಟಿಸಬೇಡಿ. ದಿನಗೂಲಿಯವರು ಹೆದರಿದರೂ ಕೆಲಸಕ್ಕೆ ಹೋಗಲೇಬೇಕು. ಹಾಗಾಗಿ ನಮ್ಮ ಕಡೆ ಆದೇಶದ ಪಾಲು ಹೆಚ್ಚು, ಭಯದ ಪಾಲು ಕಡಿಮೆ.

ಜೀವದ ಕಡೆ ವಯಸ್ಸುವಾರು ಲೆಕ್ಕ ಹಾಕಿ. ಸೋಂಕು ತಗುಲಿದವರಲ್ಲಿ ಸಾವಿನ ಪ್ರಮಾಣ 25ರ ವಯಸ್ಸಿಗೆ ಸುಮಾರು 0.01%, 65ಕ್ಕೆ ಸುಮಾರು 1.4%. ಬಂದ್‌ನಿಂದಾದ ಆರೋಗ್ಯ ನಷ್ಟವನ್ನೂ ಸೇರಿಸಿ: ದೇಶದಲ್ಲಿ ಪತ್ತೆಯಾದ ಕ್ಷಯ ಪ್ರಕರಣಗಳು 2019ರಲ್ಲಿ 24 ಲಕ್ಷ, 2020ರಲ್ಲಿ 18 ಲಕ್ಷ. ರೋಗ ಕಡಿಮೆಯಾಗಿದ್ದಲ್ಲ, ಪತ್ತೆ ತಪ್ಪಿದ್ದು.

ಬೀದರ್ ಕೋಟೆ:
ಬಂದ್ ಕೊಡೋದು ಸಮಯ ಮಾತ್ರ. ಆ ಸಮಯದಲ್ಲಿ ಏನು ಕಟ್ಟಿದರು ಅನ್ನೋದರ ಮೇಲೆ ಅದರ ಬೆಲೆ. ಆಮ್ಲಜನಕವನ್ನೇ ತೊಗೊಳ್ಳಿ. ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಹನ್ನೊಂದೂವರೆ ಗಂಟೆ ಬರುತ್ತೆ. ಅಂಥ 50 ಹಾಸಿಗೆ ತುಂಬಿದರೆ ದಿನಕ್ಕೆ ನೂರಕ್ಕೂ ಹೆಚ್ಚು ಸಿಲಿಂಡರ್. ಹೈ-ಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರ್ ಹೋದರೆ ಎರಡು ಗಂಟೆಯೊಳಗೆ ಖಾಲಿ. ಅದೇ 6 ಕಿಲೋಲೀಟರ್ ದ್ರವ ಆಮ್ಲಜನಕದ ಟ್ಯಾಂಕ್ ಇದ್ದರೆ, ದ್ರವ ಅನಿಲವಾದಾಗ ನೂರಾರು ಪಟ್ಟು ಹಿಗ್ಗುವುದರಿಂದ, 700 ಸಿಲಿಂಡರ್‌ಗೂ ಮೇಲೆ. ಬಂದ್ ವಾರಗಳಲ್ಲಿ ಟ್ಯಾಂಕ್, ಪೈಪ್‌ಲೈನ್, ನರ್ಸ್‌ಗಳ ತರಬೇತಿ ಆಗಿದ್ದರೆ ಅದು ಉಳಿದ ಜೀವ. ಇಲ್ಲದಿದ್ದರೆ ಸಾವು ಮುಂದಕ್ಕೆ ಹೋಯ್ತು ಅಷ್ಟೇ.

ಭೀಮಾತೀರ:
ಅಲ್ರಿ, ಗುಳೆ ಹೋದವರ ಲೆಕ್ಕ ಯಾರೂ ಹಿಡೀಲಿಲ್ಲಲ್ಲ? ತೊಗರಿ ರಾಶಿ ಜನವರಿ-ಫೆಬ್ರವರಿಗೆ ಮುಗೀತದ. ಆಮೇಲೆ ಜೂನ್ ಬಿತ್ತನೆ ತನಕ ಹೊಲದಾಗ ಕೆಲಸ ಇಲ್ಲ. ಅದೇ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಾಕ ಹೋಗೋ ಕಾಲ. ಬಂದ್ ಬಿದ್ದದ್ದು ನೇರ ಆ ಕೂಲಿ ಮ್ಯಾಲೆ.

ಆ ವರ್ಷದ ನರೇಗಾ ಕೂಲಿ ₹275 ಅಂತಲೇ ಹಿಡೀರಿ. ಇಬ್ಬರು ದುಡಿಯೋ ಮನಿಗೆ 26 ದಿನಕ್ಕ ₹14,300 ಹೋಯ್ತು. ಐದು ಮಂದಿಗೆ ಬಂದದ್ದು 25 ಕೆ.ಜಿ. ಅಕ್ಕಿ, 1 ಕೆ.ಜಿ. ಬೇಳೆ, ಹೆಣ್ಣುಮಕ್ಕಳ ಜನಧನ್ ಖಾತೆಗೆ ₹500. ರೇಷನ್ ಕಾರ್ಡ್ ಊರಾಗ, ಮಂದಿ ಪುಣೆದಾಗ ಇದ್ದರ ಅಕ್ಕಿನೂ ತ್ರಾಸೇ. ಉಳಿದದ್ದಕ್ಕ ಸಾಲ, ನೂರಕ್ಕ ಮೂರು ರೂಪಾಯಿ ತಿಂಗಳ ಬಡ್ಡಿ, ಅಂದ್ರ ವರ್ಷಕ್ಕ 36%. ಮಾರಿದ ಆಡು, ಅಡ ಇಟ್ಟ ಬಂಗಾರ ಜಿಡಿಪಿಯಾಗ ಕಾಣಂಗಿಲ್ಲ. ಈ ಸಾಲನ್ನ ಬ್ಯಾರೆ ಕಾಲಮ್ ಮಾಡ್ರಿ.

ಇನ್ನೊಂದು: ಏಪ್ರಿಲ್ ಮುಗಿಯೋ ತನಕ ಯಾದಗಿರಿಯಾಗ ಒಂದೂ ಕೇಸ್ ಇರಲಿಲ್ಲ. ಗುಳೆ ಹೋದವರನ್ನ ಮಾರ್ಚ್‌ದಾಗೇ, ಸೋಂಕು ಕಡಿಮಿ ಇದ್ದಾಗೇ ಊರಿಗೆ ಕಳಿಸಬೇಕಿತ್ತು. ಮೇ ತನಕ ಮಹಾರಾಷ್ಟ್ರದ ಇಕ್ಕಟ್ಟಿನ ಖೋಲಿಯೊಳಗ ತಡೆದರು. ಕೂಲಿನೂ ಹೋಯ್ತು, ಸೋಂಕೂ ಜೊತಿಗೆ ಬಂತು.

ಅಂಕಿಸಂಖ್ಯೆ:
ಇದು ಮುಖ್ಯವಾದ ಮಾತು. 2021ರ ಎರಡನೇ ಅಲೆಯ ಬಂದ್ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಮಾಡಿ: ಆಗ ಕೃಷಿಗೆ ಅನುಮತಿ ಇತ್ತು, ಕಟ್ಟಡ ಕೆಲಸವೂ ಪೂರ್ತಿ ನಿಂತಿರಲಿಲ್ಲ, ಸೋಂಕು ಮಾತ್ರ ಹಳ್ಳಿಹಳ್ಳಿಗೂ ಮುಟ್ಟಿತ್ತು. ಎರಡೂ ವರ್ಷ ಕೂಡಿಸಿ ಸರಾಸರಿ ತೆಗೆದರೆ ಎರಡೂ ಸುಳ್ಳಾಗುತ್ತವೆ.