ಕೋಕೋಪೀಟ್‌ನಲ್ಲಿ ಕ್ಯಾಪ್ಸಿಕಂ: ನೀರು, ಗೊಬ್ಬರ ಹೇಗೆ ಕೊಡೋದು?

ಹೊಸನಗರ_ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಮಣ್ಣಲ್ಲಿ ಟೊಮೆಟೊ, ಕ್ಯಾಪ್ಸಿಕಂ ಹಾಕಿದರೆ ಹೂ ಬಿಡುವ ಹೊತ್ತಿಗೆ ಸೊರಗು ರೋಗ ಬರುತ್ತದೆ. ಗಿಡ ಹಸಿರಾಗಿರುವಾಗಲೇ ಜೋತು ಬೀಳುತ್ತದೆ, ಗೊತ್ತಲ್ವಾ. ಅದಕ್ಕೇ ಈ ಸಲ ಹಿತ್ತಲಲ್ಲಿ ಮೇಲೆ ಪ್ಲಾಸ್ಟಿಕ್ ಕಟ್ಟಿ, ಗ್ರೋ ಬ್ಯಾಗಿಗೆ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಕ್ಯಾಪ್ಸಿಕಂ ನೆಟ್ಟಿದ್ದೇನೆ. ಆ ಪುಡಿಯನ್ನೇ ಒತ್ತಿ ಮಾಡಿದ 5 ಕೆಜಿಯ ಇಟ್ಟಿಗೆ ತಂದು, ನೀರಲ್ಲಿ ನೆನೆಸಿ, ಹಿಂಡಿ ತುಂಬಿದ್ದು. ವಾರಕ್ಕೆ ಎರಡು ಸಲ ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರುವ 19:19:19 ಗೊಬ್ಬರ, ಲೀಟರಿಗೆ 3 ಗ್ರಾಂ. ಉಳಿದ ದಿನ ಬರೀ ಬಾವಿ ನೀರು.

ಮೊದಲು ಚೆನ್ನಾಗಿಯೇ ಬಂತು. ಈಗ ಚಿಗುರು ಮುದುಡುತ್ತಿದೆ, ಹಳೆ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ. ಎಳೆ ಕಾಯಿಯ ತುದಿ ಕಂದು ತಿರುಗಿ ಒಳಗೆ ಕುಸಿಯುತ್ತಿದೆ. ನೀರಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಇಸಿ ಮೀಟರ್ ತಂದು ನೋಡಿದೆ. ಬಾವಿ ನೀರು 0.1. ಚೀಲದ ಕೆಳಗೆ ಸೋರುವ ನೀರು 3.4! ಗೊಬ್ಬರ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ? ಚೀಲ ಪೂರ್ತಿ ಒಣಗಿದ ಮೇಲೇ ನೀರು ಕೊಡಿ ಅಂತ ಒಬ್ಬರು ಹೇಳಿದರು, ದಿನಾ ಕೊಡಿ ಅಂತ ಇನ್ನೊಬ್ಬರು. ಎಂತ ಮಾಡೋದು?

ಕೊಪ್ಪ_ನೆರಳುಬಲೆ

ಎರಡೂ ಆಗಿದೆ ಮಾರಾಯ್ರೆ. ಬೇಡದ್ದು ಜಾಸ್ತಿ, ಬೇಕಾದ್ದು ಕಮ್ಮಿ.

ಕೋಕೋಪೀಟ್ ಅಂದರೆ ಮಣ್ಣಲ್ಲ. ಅದರಲ್ಲಿ ಹುಟ್ಟಿನಿಂದಲೇ ಪೊಟ್ಯಾಶ್ ಮತ್ತು ಸೋಡಿಯಂ ಅಂಟಿಕೊಂಡಿರುತ್ತವೆ. ನೀವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಂದ ಕೂಡಲೇ ನಾರಿನ ಪುಡಿ ಅವನ್ನು ತಾನು ಹಿಡಿದುಕೊಂಡು, ಬದಲಿಗೆ ಈ ಪೊಟ್ಯಾಶ್, ಸೋಡಿಯಂ ಬಿಟ್ಟುಕೊಡುತ್ತದೆ. ಅದರ ಹೊಟ್ಟೆ ತುಂಬುವವರೆಗೆ ಗಿಡಕ್ಕೆ ಸಿಗುವುದು ಅಷ್ಟಕ್ಕಷ್ಟೆ. ಅದಕ್ಕೇ ತುಂಬುವ ಮೊದಲು ಇಟ್ಟಿಗೆಯನ್ನು ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ತೊಳೆಯುವುದು. 5 ಕೆಜಿ ಇಟ್ಟಿಗೆಗೆ 100 ಗ್ರಾಂ ಹತ್ತಿರ ಹಾಕಿದರೆ ಸಾಕು. ಬರೀ ನೀರಲ್ಲಿ ತೊಳೆದರೆ ಮೇಲಿನ ಉಪ್ಪು ಹೋಗುತ್ತದೆ, ಅಂಟಿಕೊಂಡದ್ದು ಹೋಗುವುದಿಲ್ಲ.

ಇನ್ನು ನಿಮ್ಮ 19:19:19. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ. ಸಾರಜನಕದಲ್ಲೂ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದ್ದು. ಮಣ್ಣಲ್ಲಾದರೆ ಸೂಕ್ಷ್ಮಜೀವಿಗಳು ಅದನ್ನು ಬೇಗ ಬದಲಾಯಿಸುತ್ತವೆ, ಹೊಸ ಕೋಕೋಪೀಟಲ್ಲಿ ಆ ಕೆಲಸ ನಿಧಾನ. ಇನ್ನೊಂದು ತಮಾಷೆ ಇದೆ: ಇಸಿ ಮೀಟರ್‌ಗೆ ಯೂರಿಯಾ ಕಾಣುವುದೇ ಇಲ್ಲ, ಯಾಕೆಂದರೆ ಅದು ಕರಗಿದರೂ ಉಪ್ಪಿನ ಹಾಗೆ ವಿದ್ಯುತ್ ಹರಿಸುವುದಿಲ್ಲ. ಹಾಗಾಗಿ 19:19:19 ಕಲಸಿದ ನೀರಿಗೆ ಮೀಟರ್ ಹಿಡಿದು ಅದು ತೋರಿಸಿದ್ದನ್ನು ಪೂರ್ತಿ ನಂಬಬೇಡಿ.

ಕಾಯಿ ತುದಿ ಕಂದಾಗುವುದು ಕ್ಯಾಲ್ಸಿಯಂ ಕಾಯಿಗೆ ಮುಟ್ಟದ್ದರಿಂದ. ಹಳೆ ಎಲೆಯ ನರದ ನಡುವಿನ ಹಳದಿ ಮೆಗ್ನೀಷಿಯಂ ಕೊರತೆ. ಆ ಕಾಯಿಗಳನ್ನು ಕಿತ್ತು ಹಾಕಿ, ಅವು ಸರಿಯಾಗುವುದಿಲ್ಲ. ಚಿಗುರು ಮುದುಡಿದ್ದಕ್ಕೆ ಮಾತ್ರ ಎಲೆಯಡಿ ನುಸಿ, ಥ್ರಿಪ್ಸ್ ಇದೆಯಾ ಅಂತ ಮೊದಲು ನೋಡಿ. ಕ್ಯಾಪ್ಸಿಕಂನಲ್ಲಿ ಅದೂ ಇದೇ ರೀತಿ ಕಾಣುತ್ತದೆ.

ಸಾಗರ_ಕೈತೋಟ

ನೀರಿನ ವಿಷಯಕ್ಕೆ ನಾನು ಹೇಳ್ತೀನಿ. ಪೂರ್ತಿ ಒಣಗಲು ಬಿಡಿ ಅನ್ನುವ ಮಾತು ಮಣ್ಣಿನ ಕುಂಡಕ್ಕೆ ಸರಿ ಇರಬಹುದು, ಇಲ್ಲಿ ಬೇಡ. ಕೋಕೋಪೀಟ್ ಒಣಗಿದಷ್ಟೂ ಒಳಗಿನ ಉಪ್ಪು ಗಟ್ಟಿಯಾಗುತ್ತದೆ, ಬೇರಿನ ತುದಿ ಸುಡುತ್ತದೆ. ನಿಮ್ಮ 3.4 ಹಾಗೇ ಬಂದದ್ದು. ಮೇಲ್ಗಡೆ ತಿಳಿಕಂದು ಬಣ್ಣ ಕಂಡರೆ ಒಣಗಿದೆ ಅಂತ ಅಲ್ಲ, ಎರಡು ಬೆರಳು ಕೆಳಗೆ ಒದ್ದೆಯೇ ಇರುತ್ತದೆ. ಚೀಲ ಎತ್ತಿ ಭಾರ ನೋಡಿ, ಅದಕ್ಕಿಂತ ಒಳ್ಳೆ ಮೀಟರ್ ಇಲ್ಲ.

ಸಸಿಗೆ ದಿನಕ್ಕೊಂದು ಸಲ ಸಾಕು. ಕಾಯಿ ಹಿಡಿದ ಗಿಡಕ್ಕೆ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಮೂರು ನಾಲ್ಕು ಸಲವೂ ಬೇಕಾಗಬಹುದು, ಒಂದೊಂದು ಸಲ ಸ್ವಲ್ಪ ಸ್ವಲ್ಪ. ಕೊಟ್ಟ ನೀರಿನಲ್ಲಿ ಹತ್ತರಲ್ಲಿ ಒಂದೆರಡು ಪಾಲು ಕೆಳಗೆ ಸೋರಬೇಕು, ಹಳೆ ಉಪ್ಪು ಅದರ ಜೊತೆ ಹೋಗುತ್ತದೆ. ತಟ್ಟೆ ಇಟ್ಟು ಆ ನೀರಲ್ಲೇ ಚೀಲ ಕೂರಿಸಬೇಡಿ. ಮತ್ತೆ, ಒಂದು ದಿನ ಗೊಬ್ಬರ, ನಾಲ್ಕು ದಿನ ಬರೀ ನೀರು ಅನ್ನುವ ಲೆಕ್ಕ ಬಿಟ್ಟುಬಿಡಿ. ಪ್ರತಿ ಸಲವೂ ತೆಳು ಗೊಬ್ಬರ ನೀರೇ ಹೋಗಬೇಕು.

ಅಡಿಕೆ_ಭಟ್ರು

ಇಷ್ಟೆಲ್ಲ ಯಾಕೆ? ಕ್ಯಾಲ್ಸಿಯಂ ತಾನೇ ಬೇಕಾದ್ದು, ಎಲೆ ಅಡಿಕೆ ಸುಣ್ಣ ಒಂದು ಚಮಚ ಕದಡಿ ಹಾಕಿ. ವಾರಕ್ಕೊಮ್ಮೆ ಜೀವಾಮೃತ ಸೋಸಿ ಕೊಡಿ. ಬೇಕಾದರೆ ಹಳೆ ಅಡಿಕೆ ಸಿಪ್ಪೆಯನ್ನೂ ಬೆರೆಸಬಹುದು, ನಮ್ಮಲ್ಲಿ ರಾಶಿ ಬಿದ್ದಿದೆ, ದುಡ್ಡು ಕೊಟ್ಟು ತೆಂಗಿನ ಪುಡಿ ತರೋದ್ಯಾಕೆ?

ಕೊಪ್ಪ_ನೆರಳುಬಲೆ

ಭಟ್ರೇ, ತೋಟಕ್ಕೆ ಸುಣ್ಣ ಸರಿ. ನಮ್ಮ ಹುಳಿ ಮಣ್ಣಿಗೆ ಅದು ಬೇಕೇ ಬೇಕು. ಆದರೆ ಚೀಲದಲ್ಲಿ ಪಿಎಚ್ (ಹುಳಿ, ಕ್ಷಾರದ ಅಳತೆ) 5.8ರಿಂದ 6.2ರ ಒಳಗೆ ಇರಬೇಕು. ನಮ್ಮ ಬಾವಿ ನೀರು ಎಷ್ಟು ಮೆದು ಅಂದರೆ ಚೂರು ಸುಣ್ಣ ಬಿದ್ದರೂ ಪಿಎಚ್ ಒಮ್ಮೆಲೇ ಮೇಲೆ ಹಾರುತ್ತದೆ, ಆಗ ಕಬ್ಬಿಣ ಸಿಗದೆ ಚಿಗುರು ಬಿಳಿಚಿಕೊಳ್ಳುತ್ತದೆ. ಜೀವಾಮೃತಕ್ಕೆ ನನ್ನ ವಿರೋಧ ಇಲ್ಲ, ಆದರೆ ಡ್ರಿಪ್ ಇದ್ದರೆ ಕಟ್ಟಿಕೊಳ್ಳುತ್ತದೆ, ಮತ್ತು ಅದೊಂದನ್ನೇ ನಂಬಿ ಕೋಕೋಪೀಟಲ್ಲಿ ಕ್ಯಾಪ್ಸಿಕಂ ಬೆಳೆಯಲು ಆಗುವುದಿಲ್ಲ. ಹಸಿ ಅಡಿಕೆ ಸಿಪ್ಪೆ ಕೊಳೆಯುವಾಗ ಸಾರಜನಕ ತಾನೇ ತಿನ್ನುತ್ತದೆ. ಪೂರ್ತಿ ಕಳಿತ ಗೊಬ್ಬರ ಆದರೆ ಬೇರೆ ಮಾತು.

ಯೂಟ್ಯೂಬ್‌ನಲ್ಲಿ ಹೇಳುವ ಗೊಬ್ಬರದ ಅಳತೆ ಇಲ್ಲಿ ಹೊಂದದೇ ಇರಲು ಕಾರಣವೂ ಈ ನೀರೇ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದಾಗಲೇ ಕರಗಿರುತ್ತವೆ. ನಮ್ಮದು ಜಂಬಿಟ್ಟಿಗೆ ನೆಲ, ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗಿದೆ. ತುಂಗಾ ಪಾನ ಅಂತ ಹೊಗಳುವ ನೀರು ಕುಡಿಯೋಕೆ ರುಚಿ, ಗಿಡಕ್ಕೆ ಮಾತ್ರ ಎಲ್ಲವನ್ನೂ ನಾವೇ ಹಾಕಬೇಕು.

ಹೊಸನಗರ_ಹಿತ್ತಲು

ಎಲೆಯಡಿ ಭೂತಗನ್ನಡಿ ಹಿಡಿದು ನೋಡಿದೆ, ನುಸಿ ಕಾಣಲಿಲ್ಲ. ಹಾಗಾದರೆ ಅಳತೆ ಹೇಳಿ. ಈಗ ಇರುವ ಚೀಲಗಳನ್ನು ಖಾಲಿ ಮಾಡಬೇಕಾ? ಮತ್ತೆ ಮುಂಗಾರು ಹತ್ತಿರ ಬಂತು, ಆಗ ಎಂತ ಕಥೆ?

ಕೊಪ್ಪ_ನೆರಳುಬಲೆ

ಖಾಲಿ ಮಾಡೋದು ಬೇಡ. ಬರೀ ನೀರಲ್ಲಿ ತೊಳೆಯೋದೂ ಬೇಡ. ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರನ್ನು ನಿಧಾನವಾಗಿ ಹುಯ್ಯುತ್ತಾ ಹೋಗಿ, ಕೆಳಗೆ ಬರುವ ನೀರು 2ರ ಹತ್ತಿರ ಇಳಿದ ಮೇಲೆ ನಿಲ್ಲಿಸಿ.

ಆಮೇಲೆ ದಿನದ ಊಟ, 10 ಲೀಟರ್ ನೀರಿಗೆ: ಕ್ಯಾಲ್ಸಿಯಂ ನೈಟ್ರೇಟ್ 8 ಗ್ರಾಂ, 13:0:45 ಅನ್ನುವ ಪೊಟ್ಯಾಶಿಯಂ ನೈಟ್ರೇಟ್ 3 ಗ್ರಾಂ, 0:52:34 ಅನ್ನುವ ಮೊನೊ ಪೊಟ್ಯಾಶಿಯಂ ಫಾಸ್ಫೇಟ್ 2 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 4 ಗ್ರಾಂ. ಸೂಕ್ಷ್ಮ ಪೋಷಕಾಂಶದ ಮಿಶ್ರಣ ಪೊಟ್ಟಣದ ಮೇಲೆ ಬರೆದಷ್ಟು. ಇಸಿ 1.8ರ ಆಸುಪಾಸು ಬರುತ್ತದೆ. ಇದರಲ್ಲಿ ಯೂರಿಯಾ ಇಲ್ಲ, ಹಾಗಾಗಿ ಇಲ್ಲಿ ಮೀಟರ್ ಮಾತು ನಂಬಬಹುದು. ಕಾಯಿ ತುಂಬುವಾಗ 13:0:45 ಅನ್ನು 5 ಗ್ರಾಂಗೆ ಏರಿಸಿ. ಚಿಕ್ಕ ಸಸಿಗೆ ಎಲ್ಲವೂ ಅರ್ಧ.

ಪುಡಿಗಳನ್ನೆಲ್ಲ ಒಟ್ಟಿಗೆ ಒಂದೇ ಚೊಂಬಿಗೆ ಸುರಿಯಬೇಡಿ, ಮತ್ತೆ ಮತ್ತೆ ಹೇಳ್ತೀನಿ. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿದರೆ ಬಿಳಿ ಗಸಿ ತಳದಲ್ಲಿ ಕೂರುತ್ತದೆ, ಗಿಡಕ್ಕೆ ಏನೂ ಸಿಗದು. ಬಕೆಟ್ ಮುಕ್ಕಾಲು ನೀರು ತುಂಬಿ, ಒಂದೊಂದನ್ನೇ ಬೇರೆ ಚೊಂಬಿನಲ್ಲಿ ಕರಗಿಸಿ ಹಾಕಿ. ಕೊನೆಗೆ ಪಿಎಚ್ ನೋಡಿ.

ಸಾಗರ_ಕೈತೋಟ

ಮಳೆಗಾಲದ್ದು ಬೇರೆಯೇ ತಲೆನೋವು. ಪ್ಲಾಸ್ಟಿಕ್ ಮಾಡಿನಿಂದ ಎರಚಲು ಒಳಗೆ ಬಂದರೆ ಚೀಲದ ಗೊಬ್ಬರ ಎಲ್ಲ ತೊಳೆದು ಹೋಗುತ್ತದೆ. ಆಗುಂಬೆ, ಹುಲಿಕಲ್ ಕಡೆಯ ಮಳೆ ನಿಮಗೆ ನಾನು ಹೇಳಬೇಕಾ. ಎರಡು ಬದಿಗೂ ಪರದೆ ಇಳಿಬಿಡಿ, ಗಾಳಿಗೆ ಮೇಲ್ಗಡೆ ಜಾಗ ಬಿಡಿ. ಮೋಡ ಕವಿದು ತೇವ ತುಂಬಿದ ದಿನ ಎಲೆಯಿಂದ ನೀರು ಆರುವುದಿಲ್ಲ. ಕ್ಯಾಲ್ಸಿಯಂ ಮೇಲಕ್ಕೆ ಹೋಗುವುದೇ ಆ ನೀರಿನ ಓಟದ ಜೊತೆ. ಅದಕ್ಕೇ ಎಷ್ಟು ಹಾಕಿದರೂ ಜುಲೈಯಲ್ಲಿ ಕಾಯಿ ತುದಿ ಒಂದಿಷ್ಟು ಕೊಳೆಯುತ್ತದೆ. ಆಗ ಗೊಬ್ಬರ ಏರಿಸಬೇಡಿ. ಎರಡು ದಿನಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ, ಚೀಲ ಎತ್ತಿ ನೋಡಿ ಕೊಡಿ.

ಚೀಲವನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಕೆಳಗೆ ಮನೆ ಕಟ್ಟುವ ಇಟ್ಟಿಗೆ ಇಡಿ. ಸೊರಗು ರೋಗದ ಬ್ಯಾಕ್ಟೀರಿಯಾ ನಿಮ್ಮ ಅಂಗಳದ ಮಣ್ಣಲ್ಲೇ ಇದೆ, ಹರಿಯುವ ನೀರಿನ ಜೊತೆ ತೂತಿನಿಂದ ಒಳಗೆ ಹೋಗುತ್ತದೆ. ಅನುಮಾನ ಬಂದರೆ ಬಾಡಿದ ಗಿಡದ ಕಾಂಡ ಕೊಯ್ದು ಲೋಟದ ತಿಳಿನೀರಲ್ಲಿ ಇಳಿಬಿಡಿ, ಹಾಲಿನಂಥ ಎಳೆ ಇಳಿದರೆ ಅದೇ.

ಹೊಸನಗರ_ಹಿತ್ತಲು

ಇಟ್ಟಿಗೆ ಇವತ್ತೇ ಇಡ್ತೀನಿ. 0:52:34 ಇಲ್ಲಿ 25 ಕೆಜಿ ಚೀಲ ಅಂತಾರೆ, ಸಣ್ಣ ಪೊಟ್ಟಣ ಸಿಗುತ್ತಾ? ಅಳೆದು ಕಲಸುವ ರಗಳೆ ಬೇಡ ಅನ್ನುವವರಿಗೆ ಏನಾದರೂ ಇದೆಯಾ?

ಕೊಪ್ಪ_ನೆರಳುಬಲೆ

1 ಕೆಜಿ ಪೊಟ್ಟಣ ಶಿವಮೊಗ್ಗದಲ್ಲಿ ಡ್ರಿಪ್ ಗೊಬ್ಬರ ಮಾರುವ ಅಂಗಡಿಗಳಲ್ಲಿ ಕೇಳಿ. ಕ್ಯಾಲ್ಸಿಯಂ ನೈಟ್ರೇಟ್ ತಂದರೆ ಬಾಯಿ ಬಿಗಿದ ಡಬ್ಬದಲ್ಲಿ ಇಡಿ, ನಮ್ಮ ಹವೆಗೆ ಒಂದೇ ವಾರದಲ್ಲಿ ನೀರಾಗುತ್ತದೆ. ಕಲಸುವ ರಗಳೆ ಬೇಡ ಅಂದರೆ ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಅವರ ಅರ್ಕಾ ಸಸ್ಯ ಪೋಷಕ ರಸ ಇದೆ, ಕೋಕೋಪೀಟಲ್ಲಿ ತರಕಾರಿ ಬೆಳೆಯುವವರಿಗಂತಲೇ ಮಾಡಿದ್ದು. ಎ, ಬಿ ಅಂತ ಎರಡು ಬಾಟಲಿ ಬರುತ್ತದೆ. ಅದನ್ನೂ ಮೊದಲು ನೀರಿಗೆ ಹಾಕಿಯೇ ಬೆರೆಸಬೇಕು, ಬಾಟಲಿಯಿಂದ ಬಾಟಲಿಗೆ ಅಲ್ಲ.