ಪದಚರ್ಚೆ: ಸೇಂಟ್ ಹೆಲೆನಾದ ಗವರ್ನರ್ ಮನೆಗೆ ‘ರಾಜಭವನ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಮಕ್ಕಳಿಗಾಗಿ ಸೇಂಟ್ ಹೆಲೆನಾ ದ್ವೀಪದ ಬಗ್ಗೆ ಬರೀತಾ ಇದ್ದೇನೆ, ಒಂದು ಹೆಸರಿನ ಹತ್ತಿರ ಗಾಡಿ ನಿಂತುಬಿಟ್ಟಿದೆ. ದಕ್ಷಿಣ ಅಟ್ಲಾಂಟಿಕ್‌ನ ನಡುವೆ ಒಂಟಿಯಾಗಿರುವ, 1815ರಲ್ಲಿ ನೆಪೋಲಿಯನ್‌ನನ್ನು ತಂದು ಇಟ್ಟರಲ್ಲ, ಅದೇ ದ್ವೀಪ. ಅಲ್ಲಿನ ಗವರ್ನರ್ ಮನೆಯ ಹೆಸರು ಪ್ಲಾಂಟೇಷನ್ ಹೌಸ್. ಈಸ್ಟ್ ಇಂಡಿಯಾ ಕಂಪನಿ 1791-92ರಲ್ಲಿ ಕಟ್ಟಿಸಿದ್ದು. (ನೆಪೋಲಿಯನ್ ಇದ್ದದ್ದು ಲಾಂಗ್‌ವುಡ್‌ನಲ್ಲಿ. ಅವನನ್ನು ಕಾಯುತ್ತಿದ್ದ ಗವರ್ನರ್ ಹಡ್ಸನ್ ಲೋ ಇದ್ದದ್ದು ಇಲ್ಲಿ. ಎರಡನ್ನೂ ಕಲಸಬೇಡಿ.)

ಮೊದಲು ‘ರಾಜಭವನ’ ಅಂತ ಬರೆದೆ. ಓದಿದ ಮಗಳು ‘ಅಲ್ಲೂ ರಾಜ್ಯಪಾಲರಿದ್ದಾರಾ?’ ಅಂದಳು. ಸರಿಯಾದ ಪ್ರಶ್ನೆಯೇ. ಸೇಂಟ್ ಹೆಲೆನಾ ರಾಜ್ಯವಲ್ಲ, ಬ್ರಿಟನ್ನಿನ ಸಾಗರೋತ್ತರ ಪ್ರದೇಶ. ರಿಸರ್ವ್ ಬ್ಯಾಂಕಿನ ಗವರ್ನರನ್ನು ನಾವ್ಯಾರೂ ರಾಜ್ಯಪಾಲರು ಅನ್ನಲ್ಲ, ಅಲ್ವಾ? ಹಾಗಾಗಿ ‘ಗವರ್ನರ್ ಬಂಗಲೆ’ ಅಂತ ತಿದ್ದಿದೆ. ‘ನಿವಾಸ’ ಅಂದರೆ ಸುಮ್ನೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತೆ.

ಕಷ್ಟ ಇರುವುದು ‘ಪ್ಲಾಂಟೇಷನ್’ನಲ್ಲಿ. ‘ತೋಟದ ಮನೆ’ ಅಂದರೆ ನಮಗೆ ಕಣ್ಣಿಗೆ ಬರುವುದು ಪಂಪ್‌ಸೆಟ್ಟು, ಪಕ್ಕದಲ್ಲಿ ಎರಡು ಕೋಣೆ, ಹೊರಗೆ ಕಟ್ಟಿದ ನಾಯಿ. ‘ಎಸ್ಟೇಟ್ ಬಂಗಲೆ’ ಅಂದರೆ ನೇರ ಚಿಕ್ಕಮಗಳೂರು, ಕೊಡಗು. ಆ ದ್ವೀಪದಲ್ಲೂ ಕಾಫಿ ಇದೆ ಅನ್ನಿ, 1733ರಲ್ಲಿ ಯೆಮೆನ್‌ನ ಮೋಖಾದಿಂದ ಬಂದದ್ದು. ಆದರೆ ಗವರ್ನರ್ ಕಾಫಿ ಪ್ಲಾಂಟರ್ ಅಲ್ಲವಲ್ಲ.

ಇನ್ನೊಂದು ತೊಡಕು. ಹಳೆಯ ಇಂಗ್ಲಿಷಿನಲ್ಲಿ ಪ್ಲಾಂಟೇಷನ್ ಅಂದರೆ ಗಿಡ ನೆಟ್ಟ ಜಾಗ ಮಾತ್ರವಲ್ಲ, ಜನರನ್ನು ತಂದು ನೆಲೆ ನಿಲ್ಲಿಸಿದ ಜಾಗ ಕೂಡ. ಬೆಳೆಯೂ ಇರಬೇಕು, ನೆಲೆಯೂ ಇರಬೇಕು, ಒಂದೇ ಪದದಲ್ಲಿ. ಹುಡುಕಿದರೆ ನಮ್ಮಲ್ಲೇ ಇದೆ: ಒಕ್ಕಲು! ಒಕ್ಕಲುತನ ಅಂದರೆ ಬೇಸಾಯ, ಒಕ್ಕಲೆಬ್ಬಿಸು ಅಂದರೆ ನೆಲೆ ತಪ್ಪಿಸು. ಅರ್ಥ ಎರಡೂ ಕಡೆ ಕೂತಿತು ಅಂತ ಖುಷಿಯಾಗಿ ‘ಒಕ್ಕಲುಮನೆ’ ಅಂತ ಬರೆದು ನೋಡಿದೆ. ಗವರ್ನರ್ ಸಾಹೇಬರು ಯಾರದೋ ಜಮೀನಿನಲ್ಲಿ ಗೇಣಿಗೆ ಕೂತ ಹಾಗಾಯ್ತು. ಅಳಿಸಿದೆ.

ಈಗ ಹೆಸರನ್ನು ಹಾಗೇ ಬಿಟ್ಟು, ಮೊದಲ ಸಲ ಬಂದಾಗ ಮಾತ್ರ ‘ಗವರ್ನರ್ ಬಂಗಲೆಯಾದ ಪ್ಲಾಂಟೇಷನ್ ಹೌಸ್’ ಅನ್ನೋಣ ಅಂತಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆಯುತ್ತಾ?

ಹಾಗೇ ಇನ್ನೊಂದು. ಆ ಬಂಗಲೆಯ ಹುಲ್ಲುಬಯಲಿಗೆ 1882ರಲ್ಲಿ ಸೇಶೆಲ್ಸ್‌ನಿಂದ ಒಂದು ದೈತ್ಯ ಆಮೆ ಬಂತು, ಹೆಸರು ಜೊನಾಥನ್. ಬರೀ ‘ಆಮೆ’ ಸಾಕಾ, ‘ನೆಲದಾಮೆ’ ಅನ್ನಬೇಕಾ? ಸುತ್ತ ಸಮುದ್ರ ಅಂತ ಓದಿದ ಮಕ್ಕಳು ಕಡಲಾಮೆ ಅಂದುಕೊಂಡರೆ ಕಷ್ಟ.